ಬರುವಾಗ ಮಾತ್ರ ಕುದಿಯುವ ಕಾರು

ನನಗೆ ಮುಳ್ಳುಗಳೆಂದರೆ ಭಯ. ಗುಲಾಬಿಯದಲ್ಲ, ಜಾಲಿಯದೂ ಅಲ್ಲ. ಗಾಜಿನ ಹಿಂದೆ ಕೂತು ಅಲ್ಲಾಡುತ್ತವಲ್ಲ, ಆ ಜಾತಿಯವು. ತೂಕದ ಯಂತ್ರದ ಮುಳ್ಳು, ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುವಾಗ ಕುಣಿಯುವ ಮುಳ್ಳು, ಕೊನೆಗೆ ಗೋಡೆ ಗಡಿಯಾರದ ಮುಳ್ಳು ಕೂಡ. ಭಯವಿದ್ದವರು ಸಾಮಾನ್ಯವಾಗಿ ಆ ಕಡೆ ನೋಡುವುದಿಲ್ಲ. ನಾನು ಭಯವಾದಷ್ಟೂ ನೋಡುತ್ತೇನೆ. ಒಲೆಯ ಮೇಲೆ ಕುಕ್ಕರ್ ಇಟ್ಟರೆ ವಿಷಲ್ ಯಾಕೆ ಇನ್ನೂ ಬರಲಿಲ್ಲ ಎಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತೇನೆ. ಬಂದ ಮೇಲೆ, ಇಷ್ಟು ಜೋರಾಗಿ ಯಾಕೆ ಬಂತು ಎಂದು ಅಲ್ಲೇ ನಿಂತಿರುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಗಿರಿಜೆ, ನಾನು ಹೀಗೆ ಬಾಗಿಲಲ್ಲಿ ನಿಲ್ಲುವುದನ್ನು ಪ್ರೀತಿ ಎಂದುಕೊಂಡಿದ್ದಳಂತೆ. ಆ ತಪ್ಪು ತಿಳುವಳಿಕೆ ಹೋಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಇಂಥ ನನ್ನ ಪಾಲಿಗೆ, ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲದಲ್ಲಿ, ಒಂದು ಕಾರು ಬಂತು. ನನ್ನದಲ್ಲ, ಭಾವನದು. ನನ್ನ ಅಕ್ಕನನ್ನು ಟಿ. ನರಸೀಪುರಕ್ಕೆ ಕೊಟ್ಟಿತ್ತು. ಭಾವನಿಗೆ ಅಲ್ಲಿ ಭತ್ತದ ವ್ಯಾಪಾರ. ಬನ್ನೂರಿನ ಕಡೆಯ ಗದ್ದೆ ಬದುಗಳ ಮೇಲೆಲ್ಲ ಆ ಕಾರನ್ನು ಎತ್ತಿನ ಗಾಡಿಯ ಹಾಗೆ ಹೊಡೆದುಕೊಂಡು ಹೋಗುತ್ತಿದ್ದರು. ಕಂಪನಿಯಿಂದ ಬಂದಾಗ ಬೆಳ್ಳಗೆ ಇದ್ದ ಕಾರು ಅಷ್ಟು ಹೊತ್ತಿಗೆ ಹುಳಿ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಭಾವ ಮೊಣಕೈಯನ್ನು ಕಿಟಕಿಯ ಹೊರಗಿಟ್ಟು ಓಡಿಸುವವರು. ಪಕ್ಕದಲ್ಲಿ ಕೂತ ನಾನು ಎದುರಿನ ಮೀಟರಿನಲ್ಲಿ ಬಿಸಿ ತೋರಿಸುವ ಮುಳ್ಳನ್ನು ನೋಡಿ, "ಭಾವ, ಸ್ವಲ್ಪ ಮೇಲಕ್ಕೆ ಹೋಗ್ತಾ ಇದೆ" ಅಂದರೆ, "ಅದನ್ನ ಇಟ್ಟಿರೋದೇ ನಿನ್ನಂಥೋರಿಗೆ ಕಣಯ್ಯಾ, ಸುಮ್ನೆ ಕೂತವರಿಗೆ ಏನಾದ್ರೂ ಕೆಲಸ ಬೇಕಲ್ಲ" ಅನ್ನುತ್ತಿದ್ದರು.

ಆ ಕಾರು ಹೊಗೆ ಕಾರಲು ಶುರುಮಾಡಿ, ಹಿಂದೆ ಬರುವ ಬಸ್ಸಿನವರು ಬೈಯಲು ಶುರುಮಾಡಿದ ಮೇಲೆ ಭಾವ ಅದನ್ನು ನಂಜನಗೂಡಿಗೆ ತಂದು, ನನಗೆ ಪರಿಚಯವಿದ್ದ ಪುಟ್ಟಸ್ವಾಮಿಯ ಗ್ಯಾರೇಜಿನಲ್ಲಿ ಬಿಟ್ಟರು. ಇಂಜಿನ್ ಪೂರ್ತಿ ಇಳಿಸಿ, ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಕೂರಿಸುವುದೆಂದು ಮಾತಾಯಿತು. "ರೆಡಿ ಆಗೋ ತಂಕ ಬಸ್ಸಲ್ಲೇ ಓಡಾಡ್ತೀನಿ, ಕಂಡಕ್ಟರಿಗೂ ನನ್ನ ಮುಖ ಮರೆತು ಹೋಗಿದೆ" ಅಂದು ನಗುತ್ತಾ ಹೋದವರು ಭಾವ. ಇಂಜಿನ್ನು ಗ್ಯಾರೇಜಿನ ನೆಲದ ಮೇಲೆ ಬಿಡಿ ಬಿಡಿಯಾಗಿ ಬಿದ್ದಿದ್ದಾಗಲೇ ಒಂದು ಮಧ್ಯಾಹ್ನ, ಊಟ ಮುಗಿಸಿ ಹಜಾರದಲ್ಲಿ ಕೂತವರು, "ಯಾಕೋ ಸೆಕೆ ಕಣೇ, ಫ್ಯಾನ್ ಜೋರು ಮಾಡು" ಅಂದರಂತೆ. ಅಕ್ಕ ಎದ್ದು ಹೋಗಿ ಸ್ವಿಚ್ಚು ತಿರುಗಿಸಿ ಬರುವಷ್ಟರಲ್ಲಿ ಮುಗಿದಿತ್ತು. ನಾಲೆಯ ಪಕ್ಕದ ಅವರ ಹೊಲದಲ್ಲೇ ಮಣ್ಣು ಮಾಡಿದೆವು. ಆಮೇಲೆ ಸ್ವಲ್ಪ ದಿನಕ್ಕೆ ಪುಟ್ಟಸ್ವಾಮಿ ಮನೆಗೆ ಬಂದು, ಏನು ಹೇಳಬೇಕೋ ತಿಳಿಯದೆ ತಲೆ ಕೆರೆದುಕೊಂಡು, "ಕಾರ್ ರೆಡಿ ಆಗದೆ ಸಾ" ಅಂದ. ಕಾರಿಗೆ ಹೊಸ ಎದೆ ಬಂದಿತ್ತು. ಅದನ್ನು ಓಡಿಸುವವರ ಎದೆಯನ್ನು ಹಾಗೆ ಇಳಿಸಿ ಕೂರಿಸುವ ಗ್ಯಾರೇಜು ನಮ್ಮ ಸೀಮೆಯಲ್ಲಿ ಇರಲಿಲ್ಲ.

ಅಕ್ಕನಿಗೆ ಮಕ್ಕಳಿಲ್ಲ. ಪಕ್ಕದ ಮನೆಯಲ್ಲೇ ಭಾವನ ತಮ್ಮನ ಸಂಸಾರ ಇತ್ತು, ನೋಡಿಕೊಳ್ಳುವವರಿಗೆ ಕೊರತೆಯಿರಲಿಲ್ಲ. ಆದರೆ ಅವಳು ಹೊಸಿಲು ದಾಟುವುದನ್ನೇ ಬಿಟ್ಟಳು. ಗಂಡ ಹೋದ ಹೆಂಗಸು ಇಷ್ಟು ದಿನ ಹೊರಗೆ ಬರಬಾರದು ಎನ್ನುವ ಪದ್ಧತಿಯ ದಿನಗಳೆಲ್ಲ ಮುಗಿದವು. ಮನೆಯ ಹಿರಿಯರೇ ಬಂದು, "ಸಾಕು ಕಣವ್ವಾ, ಓಡಾಡು" ಅಂದರು. ಅವಳು ಅಂಗಳಕ್ಕೂ ಇಳಿಯಲಿಲ್ಲ. ಊಟ ಅರ್ಧವಾಯಿತು, ಮಾತು ಅದಕ್ಕಿಂತ ಕಮ್ಮಿಯಾಯಿತು. ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದು ಹೋಗು ಎಂದು ನಾನು ಗೋಗರೆದಾಗ, "ಹೊರಗೆ ಹೆಜ್ಜೆ ಇಟ್ರೆ ಅವರ ಕಾರಲ್ಲೇ ಇಡೋದು. ಅದು ಸರಿಯಾಗಿ ಓಡಲಿ, ಬರ್ತೀನಿ" ಅಂದಳು. ಹೀಗೆ ನನ್ನ ಅಕ್ಕನ ಬದುಕು ಒಂದು ರೇಡಿಯೇಟರಿನ ಮೇಲೆ ನಿಂತಿತು. ಚಿಂತೆ ಮಾಡುವುದರಲ್ಲಿ ನನಗಿರುವ ಅನುಭವಕ್ಕೆ ತಕ್ಕ ಕೆಲಸ ಅಂತೂ ಸಿಕ್ಕಿತು.

ಪುಟ್ಟಸ್ವಾಮಿ ಕೈಗೆ ಕೀ ಕೊಡುವಾಗ ಉಪದೇಶವನ್ನೂ ಕೊಟ್ಟ. "ಒಸ ಇಂಜಿನ್ ಅಂದ್ರೆ ಒಸ ಮದ್ವೆ ಇದ್ದಂಗೆ ಸಾ. ಮೊದಮೊದಲು ಬಲೇ ಟೈಟಾಗಿರ್ತದೆ, ಬಿಸಿ ಜಾಸ್ತಿ. ಅವಸ್ರ ಮಾಡ್ಬೇಡಿ. ವಾರ ವಾರ ಮೆಲ್ಲಕೆ ಓಡ್ಸಿ, ತಾನೇ ಸಡ್ಲ ಆಯ್ತದೆ." ನನ್ನ ಸ್ವಭಾವಕ್ಕೆ ಮೆಲ್ಲಗೆ ಓಡಿಸಿ ಎಂದು ಯಾರೂ ಹೇಳಬೇಕಾಗಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಂಜನಗೂಡಿನಿಂದ ಹೊರಟೆ. ಸೈಕಲ್ಲಿನವರೆಲ್ಲ ನನ್ನನ್ನು ಹಿಂದಕ್ಕೆ ಹಾಕಿ, ತಿರುಗಿ ನೋಡಿ, ಮುಂದೆ ಹೋದರು. ಮುಳ್ಳು ನಡುಮಧ್ಯದಲ್ಲಿ ನಿಂತಿತ್ತು, ಅಲ್ಲಾಡಲಿಲ್ಲ. ನರಸೀಪುರ ಮುಟ್ಟಿದಾಗ ಬಾನೆಟ್ ಮುಟ್ಟಿ ನೋಡಿದೆ, ಹದವಾಗಿತ್ತು.

ಕಾರಿನ ಸದ್ದು ಕೇಳಿ ಅಕ್ಕ ಬಾಗಿಲಿಗೆ ಬಂದಳು. ಅವಳ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಬರೆಯಲಾರೆ. ಬಂದದ್ದು ನಾನು ಎಂದು ಗೊತ್ತಾಗುವ ಮೊದಲು ಒಂದು ಕ್ಷಣ ಇತ್ತು, ಅಷ್ಟೆ. ಆಮೇಲೆ ಒಳಗೆ ಹೋಗಿ ಒತ್ತುಶಾವಿಗೆ, ಕಾಯಿಹಾಲು ಮಾಡಿದಳು. ಅದು ಭಾವನಿಗೆ ಇಷ್ಟ. ನನಗೆ ಕಾಯಿಹಾಲು ಆಗುವುದಿಲ್ಲ, ಎದೆ ಉರಿ. ಆದರೂ ಕಾರಿನ ಪರವಾಗಿ ಕೂತು ಉಂಡೆ. ಸಂಜೆ ಹೊರಡುವಾಗ ಅಕ್ಕ ಮೈದುನನ ಕೈಲಿ ಪೇಟೆಯಿಂದ ಹಾರ ತರಿಸಿಟ್ಟಿದ್ದಳು. ಚೆಂಡುಹೂವು, ಸೇವಂತಿಗೆ ಸೇರಿಸಿ ತೋಳಿನ ಗಾತ್ರಕ್ಕೆ ಕಟ್ಟಿದ್ದು, ಬಾಡದಿರಲೆಂದು ನೀರು ಚಿಮುಕಿಸಿದ್ದು. ಈ ಹಾರಕ್ಕೂ ಒಂದು ಕಾರಣ ಇತ್ತು. ಫೋಟೋ ತೆಗೆಸಿಕೊಳ್ಳುವುದೆಂದರೆ ಭಾವನಿಗೆ ಆಗುತ್ತಿರಲಿಲ್ಲ. ಅವರು ಹೋದ ಮೇಲೆ ಮನೆಯೆಲ್ಲ ಹುಡುಕಿದರೂ ಸಿಕ್ಕಿದ್ದು ಯಾರದೋ ಮದುವೆಯ ಗುಂಪಿನ ಚಿತ್ರ, ಅದರಲ್ಲಿ ಅವರ ಮುಖ ಅವರೆಕಾಳಿನಷ್ಟು. ದೊಡ್ಡದು ಮಾಡಿಸಿದರೆ ಮಂಜಿನಲ್ಲಿ ನಿಂತ ಬೇರೆ ಯಾರೋ ಗಂಡಸಿನ ಹಾಗೆ ಬಂತು. ಅಕ್ಕ ಅದಕ್ಕೆ ಹೂ ಹಾಕಲು ಒಪ್ಪಲಿಲ್ಲ. "ಇವರು ಅವರಲ್ಲ" ಅಂದಳು. ಹಾಗಾಗಿ ಗಂಡನಿಗೆ ಸಲ್ಲಬೇಕಾದ ಹೂವೆಲ್ಲ ಕಾರಿಗೆ ಬಂತು. ಬಾಗಿಲೊಳಗೇ ನಿಂತು ಮೈದುನನಿಗೆ ಹೇಳಿ ಹೇಳಿ, ಹಾರವನ್ನು ಕಾರಿನ ಮುಂದಿನ ಜಾಲರಿಗೆ ಅಡ್ಡಡ್ಡ, ಮೂರು ಸುತ್ತು, ಭದ್ರವಾಗಿ ಕಟ್ಟಿಸಿದಳು. ಬಾನೆಟ್ಟಿಗೆ ವಿಭೂತಿ. ಒಳ್ಳೆಯ ಮದುವಣಿಗನ ಹಾಗೆ ಕಾರು ಹೊರಟಿತು.

ಸುತ್ತೂರು ಇನ್ನೂ ಸ್ವಲ್ಪ ದೂರ ಇರುವಾಗ ಮುಳ್ಳು ಏಳಲು ಶುರುವಾಯಿತು. ಮೊದಲು ಗೌರವದಿಂದ, ಆಮೇಲೆ ಸಂಕೋಚ ಬಿಟ್ಟು. ಕೆಂಪು ಮುಟ್ಟಿದಾಗ ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಹಾಗೆ ಆವಿ ಬಂತು. ರಸ್ತೆ ಬದಿಯ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯ ಹೆಂಗಸು, ಅವಳ ಹೆಸರು ಮಾದಮ್ಮ, ಬಿಂದಿಗೆ ತುಂಬ ನೀರು ತಂದುಕೊಟ್ಟು, "ಅರ್ಧ ಗಂಟೆ ಆರೋಕೆ ಬುಡಿ ಸಾಮಿ, ಈಗ್ಲೇ ಮುಚ್ಚಳ ತೆಗದ್ರೆ ಮಕ ಬೆಂದೋಯ್ತದೆ" ಅಂದಳು. ನಾನು ಟೀ ಕುಡಿಯುತ್ತಾ, ಅಕ್ಕನಿಗೆ ಏನು ಹೇಳುವುದು ಎಂದು ಯೋಚಿಸುತ್ತಾ ಕೂತೆ. ಹೇಳದೆ ಇರುವ ಹಾಗೂ ಇರಲಿಲ್ಲ. ಮನೆ ಮುಟ್ಟಿದೊಡನೆ ಎಸ್‌ಟಿಡಿ ಬೂತಿನಿಂದ ನನಗೆ ಫೋನ್ ಮಾಡು, ಕಾರು ಹೇಗೆ ಹೋಯಿತು ತಿಳಿಸು ಎಂದು ಅವಳೇ ಕಟ್ಟು ಮಾಡಿದ್ದಳು, ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಪುಟ್ಟಸ್ವಾಮಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. "ನನ್ ಕೈಲಿ ಬಿಚ್ಚಿದ್ ಇಂಜಿನ್ ಬಿಸಿ ಆಯ್ತದಾ? ಗ್ಯಾರೇಜ್ ಮುಚ್ಬುಡ್ತೀನಿ" ಅಂದವನು, ಮುಚ್ಚುವ ಮೊದಲು ರೇಡಿಯೇಟರ್ ಇಳಿಸಿ ಹೊಟ್ಟೆ ತೊಳೆದ. ಊರೊಳಗೆ ಓಡಿಸಿ ನೋಡಿದ, ಮುಳ್ಳು ಅಲ್ಲಾಡಲಿಲ್ಲ. ಮುಂದಿನ ಭಾನುವಾರ ನರಸೀಪುರಕ್ಕೆ ಹೋಗುವಾಗ ತಣ್ಣಗೆ. ಬರುವಾಗ ಮಾದಮ್ಮನ ಅಂಗಡಿ, ಆವಿ, ಟೀ. ಅವನು ಥರ್ಮೋಸ್ಟಾಟ್ ಕಿತ್ತು ಎಸೆದ. ಬರುವಾಗ ಆವಿ, ಟೀ. ಫ್ಯಾನ್ ಬೆಲ್ಟ್ ಬದಲಾಯಿತು, ವಾಟರ್ ಪಂಪು ಬದಲಾಯಿತು, ಹೆಡ್ ಎತ್ತಿ ಒಳಗಿನ ಗ್ಯಾಸ್ಕೆಟ್ಟನ್ನೂ ಬದಲಾಯಿಸಿದ. ನಾನು ಗುಮಾಸ್ತನಾಗಿದ್ದ ಕಾಲೇಜಿನಲ್ಲಿ ಈ ವಿಷಯ ಹಬ್ಬಿ, ಕಾಯಿಲೆಯವರನ್ನು ನೋಡಲು ಬಂದವರ ಹಾಗೆ ಎಲ್ಲರೂ ಒಂದೊಂದು ಮದ್ದು ಹೇಳಿದರು. ಭೌತಶಾಸ್ತ್ರದ ಮೇಷ್ಟ್ರು ಸೀಮೆಸುಣ್ಣ ಹಿಡಿದು ಕಪ್ಪುಹಲಗೆಯ ಮೇಲೆ ಶಾಖದ ಹರಿವನ್ನು ಬಿಡಿಸಿ, ಹೋಗುವಾಗ ಬಿಸಿಯಾಗದೆ ಬರುವಾಗ ಮಾತ್ರ ಆಗುವುದು ಶಾಸ್ತ್ರದ ಪ್ರಕಾರ ಸಾಧ್ಯವೇ ಇಲ್ಲ ಎಂದು ಸಾಧಿಸಿ ತೋರಿಸಿದರು. ನನಗೂ ಒಪ್ಪಿಗೆಯಾಯಿತು. ಕಾರು ಆ ಪಾಠಕ್ಕೆ ಬಂದಿರಲಿಲ್ಲ.

ಅಕ್ಕನಿಗೆ ಮಾತ್ರ ಯಾವ ಶಾಸ್ತ್ರವೂ ಬೇಕಾಗಿರಲಿಲ್ಲ. "ನಂಗೆ ಗೊತ್ತಿತ್ತು ಕಣೋ" ಅಂದಳು ಒಂದು ಭಾನುವಾರ, ಶಾವಿಗೆ ಬಡಿಸುತ್ತಾ. "ಬರೋವಾಗ ತಣ್ಣಗೆ ಬರ್ತಾರೆ. ಹೋಗೋವಾಗ ಕುದೀತಾರೆ. ಅವರಿಗೆ ಮನೆ ಬಿಟ್ಟು ಹೋಗೋಕೆ ಇಷ್ಟ ಇಲ್ಲ. ನಾನು ಹೋಗೋದೂ ಇಷ್ಟ ಇಲ್ಲ." ಕಾರು ಎನ್ನುವ ಮಾತು ಅವಳ ಬಾಯಿಂದ ಯಾವಾಗಲೋ ಬಿಟ್ಟು ಹೋಗಿತ್ತು. ಅವಳ ಕೈಬಳೆ ಇಲ್ಲದ ಕೈ ಎಷ್ಟು ಸಣ್ಣಗಾಗಿದೆ ಎನ್ನುವುದನ್ನು ಆ ದಿನ ನೋಡಿದೆ. ತಪಲೆಯಲ್ಲಿ ಶಾವಿಗೆ ಇನ್ನೂ ಉಳಿದಿತ್ತು. ಅವಳು ತನಗೆ ಹಾಕಿಕೊಳ್ಳಲಿಲ್ಲ.

ಅವತ್ತು ಬರುವಾಗ ಎಂದಿನಂತೆ ಮಾದಮ್ಮನ ಅಂಗಡಿಯ ಮುಂದೆ ಆವಿ ಬಿಡುತ್ತಾ ನಿಂತೆ. ಟೀ ಲೋಟ ಹಿಡಿದು ಹೊಳೆಯ ಕಡೆ ಮುಖ ಮಾಡಿ ಕೂತಿದ್ದೆ. ತಿರುಗಿ ನೋಡಿದರೆ, ಮಾದಮ್ಮನ ಹಸು ಹಗ್ಗ ಕಿತ್ತುಕೊಂಡು ಬಂದು ಕಾರಿನ ಮುಂದೆ ನಿಂತು, ಭಾವನ ಹಾರವನ್ನು ನೆಮ್ಮದಿಯಾಗಿ ಮೇಯುತ್ತಾ ಇತ್ತು. ಮಾದಮ್ಮ ಕೋಲು ಹಿಡಿದು ಓಡಿ ಬಂದಳು. "ತಪ್ಪಾಯ್ತು ಸಾಮಿ, ಈ ಕೆಂಪಿ ಮುಂಡೇದು ಊವ ಕಂಡ್ರೆ ಬುಡದೇ ಇಲ್ಲ." ಕೊನೆಯ ಸೇವಂತಿಗೆಯನ್ನೂ ಬಾಯಿಗೆಳೆದುಕೊಂಡು ಕೆಂಪಿ ನನ್ನನ್ನು ನೋಡಿತು. ನನಗೆ ಬೇಜಾರಾಯಿತಾದರೂ, ಹಸುವಲ್ಲವೇ, ಭಾವನಿಗೇ ಸೇರಿತು ಅಂದುಕೊಂಡೆ. ನೀರು ತುಂಬಿಸಿ ಹೊರಟೆ. ಮಿಕ್ಕ ದಿನ ಮಾದಮ್ಮನ ಅಂಗಡಿ ಬಿಟ್ಟ ಮೇಲೂ ಒಂದೆರಡು ಕಡೆ ನಿಲ್ಲಬೇಕಾಗುತ್ತಿತ್ತು. ಅವತ್ತು ನಂಜನಗೂಡಿನವರೆಗೂ ಮುಳ್ಳು ನಡುವಿನಿಂದ ಕದಲಲಿಲ್ಲ.

ಮನೆಗೆ ಬಂದು ಗಿರಿಜೆಗೆ ಹೇಳಿದೆ. ಗೋಮಾತೆಯ ಬಾಯಿ ತಾಗಿದ್ದರಿಂದಲೇ ಏನೋ ಆಗಿದೆ, ಕೆಂಪಿಗೆ ಒಂದು ಚಿಪ್ಪು ರಸಬಾಳೆ ಒಯ್ಯಬೇಕು ಅಂದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. "ರೀ, ನೀವು ಮೂಗಿಗೆ, ಬಾಯಿಗೆ ಒದ್ದೆ ಹೂವಿನ ಹಾರ ಸುತ್ಕೊಂಡು ಸುತ್ತೂರಿನ ತನಕ ಓಡಿ ನೋಡೋಣ" ಅಂದಳು. ಆಮೇಲೆ ಮತ್ತೆ ಅಕ್ಕಿ ಆರಿಸಿದಳು. ಇಷ್ಟು ದಿನವೂ ಬಂದ ಕೂಡಲೇ ಬಾಡಿದ ಹಾರ ಬಿಚ್ಚಿ ತೆಂಗಿನ ಬುಡಕ್ಕೆ ಹಾಕುತ್ತಿದ್ದವನು ನಾನೇ. ಪುಟ್ಟಸ್ವಾಮಿ ಹಾರವಿದ್ದ ಕಾರನ್ನು ಕಂಡೇ ಇರಲಿಲ್ಲ. ಬಿಗಿಯಾಗಿದ್ದ ಹೊಸ ಇಂಜಿನ್ನು, ಗಾಳಿ ಎಳೆಯುವ ಜಾಲರಿಯ ಮೂಗು ಕಟ್ಟಿದರೆ ಕುದಿಯದೆ ಏನು ಮಾಡೀತು. ಅಷ್ಟೊಂದು ದಿನ ಕಣ್ಣು ಕೀಳದೆ ಮುಳ್ಳನ್ನು ನೋಡಿದ್ದೆ. ಗಾಜಿನಾಚೆ, ಕಾರಿನ ಮೂತಿಯ ಮೇಲೆ, ತೋಳಿನ ಗಾತ್ರದ ಕಾರಣ ಕೂತಿತ್ತು.

ಕಾರಣ ಸಿಕ್ಕಿದ ಸಂತೋಷ ಆ ರಾತ್ರಿಯ ಊಟದವರೆಗೂ ಉಳಿಯಲಿಲ್ಲ. ಅಕ್ಕನಿಗೆ ಏನೆಂದು ಹೇಳುವುದು? ನಿನ್ನ ಹೂವೇ ಅವರ ಉಸಿರು ಕಟ್ಟಿಸುತ್ತಿದೆ ಎಂದೇ? ಫ್ಯಾನಿನ ಸ್ವಿಚ್ಚಿಗೆ ಹೋಗಿ ಬರುವಷ್ಟರಲ್ಲಿ ಗಂಡನನ್ನು ಕಳೆದುಕೊಂಡು, ತಾನು ಎದ್ದು ಹೋಗಬಾರದಿತ್ತು ಎಂದು ಇಂದಿಗೂ ಕೊರಗುವವಳ ಮುಂದೆ ಈ ಮಾತನ್ನು ಪುಟ್ಟಸ್ವಾಮಿಯಾದರೂ ಆಡಲಾರ. ನಾನು ಇನ್ನೊಂದು ದಾರಿ ಹಿಡಿದೆ. ಆಮೇಲಿನ ಭಾನುವಾರಗಳಲ್ಲಿ ಊರ ಹೊರಗೆ ಬಂದೊಡನೆ ಹಾರ ಬಿಚ್ಚಿ ಹಿಂದಿನ ಸೀಟಿನಲ್ಲಿ ಮಲಗಿಸುತ್ತಿದ್ದೆ. ಭಾವನ ಹೆಸರಿನ ಹೂವನ್ನು ರಸ್ತೆಗೆ ಎಸೆಯಲು ಕೈ ಬರುವುದಿಲ್ಲವಲ್ಲ. ಮಾದಮ್ಮನ ಅಂಗಡಿಯ ಮುಂದೆ ಇಳಿದು ಕೆಂಪಿಗೆ ತಿನ್ನಿಸುತ್ತಿದ್ದೆ. ಸಂಜೆ ಬೂತಿಗೆ ಹೋಗಿ, "ಇವತ್ತು ಬಿಸಿ ಆಗಲಿಲ್ಲ ಅಕ್ಕ" ಎನ್ನುತ್ತಿದ್ದೆ. ಅದೇನೂ ಸುಳ್ಳಲ್ಲ. ಮೊದಲ ಸಲ, ಊಟ ಆಯಿತಾ ಎಂದು ಕೇಳಿ ಫೋನ್ ಇಟ್ಟಳು. ಎರಡನೆಯ ಸಲ, "ನಿಜವಾಗ್ಲೂ?" ಅಂದಳು. ಮತ್ತೊಂದು ಸಲ, ದನಿ ಸಣ್ಣಗೆ ಮಾಡಿ, "ಹಂಗಾದ್ರೆ ಒಪ್ಕೊಂಡ್ರು ಅನ್ಸುತ್ತೆ ಕಣೋ. ಮುಂದಿನ ವಾರ ನಾನೂ ಬರ್ತೀನಿ" ಅಂದಳು.

ಆ ವಾರ ಹಾರ ಇನ್ನೂ ದಪ್ಪಗಿತ್ತು. ಅಕ್ಕ ಬಿಳಿ ಸೀರೆಯಲ್ಲ, ಅವಳ ಹಳೆಯ ಹಸಿರು ನೂಲಿನ ಸೀರೆ ಉಟ್ಟು ಹೊಸಿಲ ಮೇಲೆ ಬಹಳ ಹೊತ್ತು ನಿಂತಳು. ಮೈದುನನ ಹೆಂಡತಿ ಕೈ ಹಿಡಿಯಲು ಬಂದರೆ ಬೇಡ ಅಂದಳು. ತಾನೇ ಇಳಿದು ಬಂದು, ಭಾವ ಓಡಿಸುವಾಗ ತಾನು ಕೂರುತ್ತಿದ್ದ ಮುಂದಿನ ಸೀಟಿನಲ್ಲೇ ಕೂತು, ಸೆರಗು ಹೊದ್ದಳು. ಕಿಟಕಿಯಾಚೆ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಅವಳು ಅದನ್ನೆಲ್ಲ ಹೊಸದಾಗಿ ಊರಿಗೆ ಬಂದವಳ ಹಾಗೆ ನೋಡುತ್ತಿದ್ದಳು. ನಾನು ಮುಳ್ಳನ್ನು ನೋಡುತ್ತಿದ್ದೆ. ಪಕ್ಕದಲ್ಲಿ ಅಕ್ಕ ಇರುವಾಗ ಊರ ಹೊರಗೆ ನಿಲ್ಲಿಸಿ ಹಾರ ಬಿಚ್ಚುವುದು ಹೇಗೆ? ಮುಳ್ಳು ನಿಧಾನವಾಗಿ ಎದ್ದಿತು. ಕೆಂಪು ಗೆರೆಗೆ ಇನ್ನೊಂದು ಕೂದಲೆಳೆ ಇರುವಾಗ, "ಒಂದು ಟೀ ಕುಡಿಯೋಣ ಅಕ್ಕ, ಇಲ್ಲಿ ಚೆನ್ನಾಗಿ ಮಾಡ್ತಾರೆ" ಎಂದು ಮಾದಮ್ಮನ ಅಂಗಡಿಗೆ ತಿರುಗಿಸಿದೆ. ಅವಳು ಟೀ ಕುಡಿಯುವಾಗ ಏನೋ ಒಂದು ನೆಪ ಮಾಡಿ ಕಿತ್ತರಾಯಿತು ಎನ್ನುವುದು ನನ್ನ ಯೋಜನೆ. ಮಾದಮ್ಮ ಅಂಗಡಿಯೊಳಗಿಂದಲೇ ಬಾಯಿ ತುಂಬ ನಕ್ಕಳು.

"ಬಂತಾ ಊವಿನ ಕಾರು? ಕೆಂಪಿ ಬೆಳಗಿಂದ ದಾರಿ ನೋಡ್ತಾ ನಿಂತದೆ ಸಾಮಿ. ವಾರ ವಾರ ನೀವು ತಿನ್ಸಿ ತಿನ್ಸಿ ಅದಕ್ಕೆ ಉಲ್ಲೇ ಸೇರದಿಲ್ಲ ಈಗ." ಆಮೇಲೆ ಅಕ್ಕನ ಕಡೆ ತಿರುಗಿ, "ಬಲೇ ಒಳ್ಳೇರು ಕಣವ್ವಾ ನಿಮ್ ಯಜಮಾನ್ರು, ಅಸೂಗೇ ಅಂತ ಇಷ್ಟು ದೊಡ್ಡ ಆರ ಕಟ್ಟಿಸ್ಕಬತ್ತಾರೆ" ಅಂದಳು.

ಅಕ್ಕ, "ಅವನು ನನ್ನ ತಮ್ಮ" ಅಂದಳು. ಕಾರಿನ ಮುಂದೆ ಹೋಗಿ ನಿಂತು ನೋಡಿದಳು. ಹಾರದ ಸಂದಿಯಿಂದ ಬಿಸಿ ಬಡಿಯುತ್ತಿತ್ತು. ಒಳಗಡೆಯ ಎಸಳುಗಳು ಬೆಂದ ಸೊಪ್ಪಿನ ಹಾಗೆ ಕಪ್ಪಗೆ ಅಂಟಿಕೊಂಡಿದ್ದವು. ಅವಳು ಬೆರಳಲ್ಲಿ ಒಂದು ಎಸಳು ತೆಗೆದು ನೋಡಿದಳು.

"ಇದರಿಂದಾನಾ?"

"ಹೂಂ ಅಕ್ಕ."

"ಇದನ್ನ ತೆಗೆದ್ರೆ ಬಿಸಿ ಆಗಲ್ವಾ?"

"ಇಲ್ಲ."

"ಹಂಗಾದ್ರೆ ಅವರು ಒಪ್ಪಿದ್ದೂ ಸುಳ್ಳು."

ಈಗ ಕಾರು ತಿರುಗಿಸು ಅನ್ನುತ್ತಾಳೆ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಇನ್ನು ಯಾವತ್ತೂ ಹೊರಗೆ ಬರುವುದಿಲ್ಲ ಎಂದು ನನ್ನ ತಲೆ ಅಷ್ಟರಲ್ಲೇ ಮುಂದಿನ ವರ್ಷಗಳನ್ನೆಲ್ಲ ಓಡಿಸಿ ಮುಗಿಸಿತ್ತು. ಅಕ್ಕ ಕಾರಿಗೆ ಒರಗಿ ನಿಂತಳು.

"ಬೇಡ ಅಂದಿದ್ದೂ ಅವರಲ್ಲ, ಅಲ್ವೇನೋ" ಅಂದಳು. "ನನ್ನ ಹೂವು. ಅವರು ಇದರಲ್ಲಿ ಇಲ್ವೇ ಇಲ್ಲ."

ಅವರು ಇಲ್ಲ ಎನ್ನುವ ಮಾತನ್ನು ಅವಳು ಆಡಿದ್ದು ಅದೇ ಮೊದಲು. ಮಣ್ಣು ಮಾಡಿದ ದಿನ ಕೂಡ ಅವಳು ಅತ್ತಿರಲಿಲ್ಲ, ಎಲ್ಲರಿಗೂ ಊಟ ಆಯಿತಾ ಎಂದು ಕೇಳುತ್ತಿದ್ದಳು. ಈಗ ಮಾದಮ್ಮನ ಅಂಗಡಿಯ ಮುಂದೆ, ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಹೋಗುತ್ತಿರುವಾಗ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮಾದಮ್ಮ ಏನೂ ಕೇಳದೆ ಬಂದು ಅವಳ ಬೆನ್ನಿನ ಮೇಲೆ ಕೈ ಇಟ್ಟು ನಿಂತಳು. ಏನು ಮಾಡಬೇಕೋ ತಿಳಿಯದ ನಾನು ರೇಡಿಯೇಟರಿಗೆ ನೀರು ಬೇಕೇ ಎಂದು ಬಗ್ಗಿ ನೋಡಿದೆ.

ಅಳು ನಿಂತ ಮೇಲೆ ಅಕ್ಕ ತಾನೇ ಗಂಟು ಬಿಚ್ಚಿ ಹಾರ ತೆಗೆದಳು. "ಮದುವೆ ದಿನಾನೂ ಹಿಂಗೇ. ಹಾರ ಹಾಕಿದ ತಕ್ಷಣ, ಸೆಕೆ ಕಣೇ ಅಂತ ಕಿತ್ತು ನನ್ನ ಕೈಗೆ ಕೊಟ್ಟಿದ್ರು. ಎಲ್ಲಾರೂ ನಕ್ಕರು. ನಂಗೆ ಜ್ಞಾಪಕ ಬರಬೇಕಾಗಿತ್ತು" ಅಂದಳು. ಕೆಂಪಿ ಕತ್ತು ಚಾಚಿತು. ಅದಕ್ಕೆ ಅರ್ಧ ಹರಿದು ಕೊಟ್ಟಳು, ಮಿಕ್ಕರ್ಧವನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಳು. "ನಡಿ" ಅಂದಳು.

ನಂಜನಗೂಡಿನವರೆಗೂ ಮುಳ್ಳು ನಡುಮಧ್ಯದಲ್ಲೇ ನಿಂತಿತ್ತು. ನನಗೆ ಖಂಡಿತ ಗೊತ್ತು, ಏಕೆಂದರೆ ದಾರಿಯುದ್ದಕ್ಕೂ ಪಕ್ಕದ ಸೀಟಿನ ಕಡೆ ತಿರುಗುವ ಧೈರ್ಯವಾಗದೆ ಅದನ್ನೇ ನೋಡುತ್ತಿದ್ದೆ. ಮನೆ ಮುಂದೆ ನಿಲ್ಲಿಸಿದಾಗ ಗಿರಿಜೆ ಓಡಿ ಬಂದು ಅಕ್ಕನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾನು ಸ್ಟಿಯರಿಂಗ್ ಹಿಡಿದವನು ಹಾಗೇ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಗಿರಿಜೆ ಮತ್ತೆ ಹೊರಗೆ ಬಂದು, ಅಭ್ಯಾಸಬಲದಿಂದ ಬಾನೆಟ್ ಮುಟ್ಟಿ ನೋಡಿದಳು. "ತಣ್ಣಗೇ ಇದೆಯಲ್ರೀ. ಮತ್ತೆ ನಿಮ್ಮ ಮುಖ ಯಾಕೆ ಹಿಂಗೆ ಒದ್ದೆ ಆಗಿದೆ?" ಅಂದಳು.

"ಸೆಕೆ" ಅಂದೆ.